ಎಡಗೈಯ ಕಮಾನು

ತಮಿಳು ಸೀಮೆಯ ನಮ್ಮೂರು ಮಾರ್ಕಯನ್‌ಕೋಟ್ಟೈಯ ಭಜನೆಗೆ ಪಕ್ಕದ ಮನೆಯ ತಾತ ಪಿಟೀಲು ನುಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ತಂತಿ ಬಿಗಿಯುವಾಗಲೆಲ್ಲ "ಕಣ್ಣು ಮರೆತ್ರೂ ಕೈ ಮರೀದು ತಂಬಿ" ಅನ್ನುವರು.

ನಾನಾಗ ಕೊಡೈಕಾನಲ್‌ನಲ್ಲಿ ಒಬ್ಬ ಬಿಳಿಯ ಪಾದ್ರಿಯ ಬಂಗಲೆಯಲ್ಲಿ ಅಡುಗೆಯವನು. ಆತ ಕೊಟ್ಟ ಹಳೇ ಅಚ್ಚಿನ ಚಿತ್ರವೊಂದನ್ನು ಊರಿಗೆ ತಂದೆ. ಇನ್ನೂರು ವರ್ಷದ ಹಿಂದೆ ಅವರ ಸೀಮೆಯಲ್ಲಿ ಮಾಡಿದ್ದಂತೆ; ಅದರಲ್ಲಿ ಹರಕು ಟೋಪಿಯ ಮುದುಕನೊಬ್ಬ ಪಿಟೀಲು ನುಡಿಸುತ್ತಿದ್ದ. ತಾತ ಕಾಗದವನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು.

"ಕಮಾನು ಎಡಗೈಲಿ ಹಿಡಿದವ್ನೆ. ತಪ್ಪಲ್ವಾ?"

ಬಂಗಲೆಯ ಅಡುಗೆಮನೆಯ ಜಂಬ ನನಗೆ. "ವಾದ್ಯ ಅವರ್ದು ತಾತಾ. ತಪ್ಪು ಹಿಡಿದಿರೋದು ನೀವು," ಅಂದೆ. ಜಗುಲಿಯಲ್ಲಿದ್ದವರೆಲ್ಲ ನಕ್ಕರು.

ಮಾರನೆಯ ದಿನದಿಂದ ತಾತ ಎಡಗೈಯಲ್ಲಿ ಕಮಾನು ಹಿಡಿದು ಹೊಸದಾಗಿ ಕಲಿಯತೊಡಗಿದರು. ಪಿಟೀಲು ಕಿರುಗುಟ್ಟಿತು. ಭಜನೆಯವರು ಅವರನ್ನು ಕರೆಯುವುದನ್ನೇ ಬಿಟ್ಟರು.

ವರ್ಷಗಳು ಕಳೆದ ಮೇಲೆ ಪಾದ್ರಿ ಮಾತಿಗೆ ಮಾತು ಬಂದು ಹೇಳಿದ: ತಾಮ್ರದ ತಗಡಿನಲ್ಲಿ ಕೊರೆದದ್ದನ್ನು ಕಾಗದಕ್ಕೆ ಒತ್ತಿದರೆ ಎಡಬಲ ಅದಲುಬದಲಾಗುತ್ತದೆ. ಆ ಮುದುಕನ ಕಮಾನು ಬಲಗೈಯಲ್ಲೇ ಇತ್ತು.

ಬೆಟ್ಟ ಇಳಿದು ಬಂದು ತಾತನ ಮುಂದೆ ಕೂತು ಹೇಳಿದೆ. ಅವರು ಕಮಾನನ್ನು ಬಲಗೈಗೆ ತೆಗೆದುಕೊಂಡು ಒಂದು ಸಲ ಎಳೆದು ನೋಡಿದರು. ಆಮೇಲೆ ಕೆಳಗಿಟ್ಟರು.

"ಈಗ ಎರಡು ಕೈಯೂ ಮರ್ತವೆ ತಂಬಿ."