ಔಟಾಗದ ಹುಡುಗಿ

ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪನ ಸ್ಕೂಟರಿನಿಂದ ಹೆದ್ದಾರಿಗೆ ಬಿದ್ದು ನನ್ನ ತಲೆಗೆ ಪೆಟ್ಟಾಯಿತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆದರೂ ನಾನು ಆಸ್ಪತ್ರೆಯಿಂದ ಅಂಕೋಲೆಗೆ ಮರಳುವಷ್ಟರಲ್ಲಿ ಸುದ್ದಿ ಕಾರವಾರ ಮುಟ್ಟಿತ್ತು. ನೆಂಟರು ಬ್ರೆಡ್ಡು ಹಿಡಿದು ಬಂದರು. ನಮ್ಮಲ್ಲಿ ರೋಗಿಯನ್ನು ನೋಡಲು ಬರುವವರು ಸುಮ್ಮನೆ ನೋಡಿ ಹೋಗುವುದಿಲ್ಲ, ಪರೀಕ್ಷೆ ಮಾಡಿ ಹೋಗುತ್ತಾರೆ.

"ನಾ ಯಾರು, ಹೇಳ್ ನೋಡ್ವ" ಎನ್ನುತ್ತಿದ್ದರು ಎಲ್ಲರೂ. ಸರಿಯಾಗಿ ಹೇಳಿದರೆ, ಬಂದದ್ದು ದಂಡವಾಯಿತೆಂಬ ಮುಖ. ಕಾರವಾರದ ದೊಡ್ಡಮ್ಮನಿಗೆ ಅಷ್ಟು ಸಾಲಲಿಲ್ಲ. "ಏಳರ ಮಗ್ಗಿ ಹೇಳು ಮಗಾ" ಎಂದಳು. ನಾನು ತಡವರಿಸಿದೆ. ಏಳರ ಮಗ್ಗಿ ಬೀಳುವ ಮೊದಲೂ ನನಗೆ ಬರುತ್ತಿರಲಿಲ್ಲ. ಅದು ಗೊತ್ತಿದ್ದೂ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಣ್ಣ ಸದ್ದಿಗೂ ನನ್ನ ತಲೆ ಸಿಡಿಯುತ್ತಿತ್ತು, ನಿಜ. ಆದರೆ ಅಂದು ನಾನು ಬ್ರೆಡ್ಡು ಎಸೆದದ್ದು ದೊಡ್ಡಮ್ಮನ ಮೇಲಿನ ಸಿಟ್ಟಿಗೇ. "ಪಾಪ, ಪೆಟ್ಟು ಬಿದ್ದ ತಲೆ" ಎಂದು ಅವಳು ಅದನ್ನು ಹೆಕ್ಕಿಕೊಂಡಳು. ನನ್ನ ಸಿಟ್ಟೂ ನನ್ನದಲ್ಲವಂತೆ, ಗಾಯದ್ದಂತೆ.

ಓಡಿಸಬೇಡಿ, ಆದರೆ ಮಕ್ಕಳೊಂದಿಗೆ ಕೂತು ಆಡಲು ಬಿಡಿ ಎಂದಿದ್ದರು ಡಾಕ್ಟರು. ಅಮ್ಮ ಕೇರಿಯ ಮನೆಮನೆಗೆ ಹೋಗಿ, ನನ್ನನ್ನು ಸೋಲಿಸಬಾರದೆಂದು ಮಕ್ಕಳಿಗೆ ಹೇಳಿ ಬಂದಳು. ಜಗಲಿಯಲ್ಲಿ ಐದು ಕಲ್ಲಿನ ಆಟ ಶುರುವಾಯಿತು. ಮೇಲೆ ಹಾರಿಸಿದ ಕಲ್ಲು ನನ್ನ ನಡುಗುವ ಕೈಗೆ ಸಿಗದೆ ಉರುಳಿದರೂ ಯಾರೂ ಔಟ್ ಎನ್ನಲಿಲ್ಲ. ಹೆಕ್ಕಿ ಕೈಗಿಟ್ಟು "ಮತ್ತೆ ಹಾರ್ಸು" ಎಂದರು. ಕೇರಿಯಲ್ಲಿ ನನ್ನಷ್ಟು ಗೆದ್ದವರಿಲ್ಲ, ನನ್ನಷ್ಟು ಬೇಸತ್ತವರೂ ಇಲ್ಲ. ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಕಡೆಗೆ ಪಕ್ಕದ ಮನೆಯ ಗೆಳತಿಯೂ ಎದ್ದು ನಿಂತಳು. ಅವಳೂ ಹೋದರೆ ನನಗೆ ಉಳಿಯುವವರು ದೊಡ್ಡಮ್ಮನಂಥವರು ಮಾತ್ರ.

"ನಿನ್ ಸಂತಿಗೆ ಆಡೂಕೆ ಮಜಾ ಇಲ್ಲ" ಎಂದಳು. "ನೀ ಔಟೇ ಆಗೂದಿಲ್ಲ."

"ಹಂಗಾರೆ ಔಟ್ ಮಾಡು."

"ನಿನ್ ಅಮ್ಮ ಬೈತಾರೆ."

"ಬೈಲಿ."

ಅವಳು ಕೂತಳು. ನಾನು ಹಾರಿಸಿದ ಕಲ್ಲು ಮತ್ತೆ ಕೈ ತಪ್ಪಿತು. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, "ಔಟು" ಎಂದು ಕಲ್ಲುಗಳನ್ನೆಲ್ಲ ಬಾಚಿಕೊಂಡಳು. ನನಗೆ ಅಳುವೇ ಬಂದುಬಿಟ್ಟಿತು. ಅಷ್ಟು ಸಂತೋಷವಾಗಿತ್ತು.

ಅಳು ಕೇಳಿ ಅಮ್ಮ ಮಾತ್ರೆ, ನೀರು ಹಿಡಿದು ಓಡಿ ಬಂದಳು. ಗೆಳತಿಯ ಕೈಯಲ್ಲಿದ್ದ ಕಲ್ಲುಗಳನ್ನು ನೋಡಿ ಬೈಯಲು ಬಾಯಿ ತೆರೆದಳು.

"ನೀ ಒಳಗೆ ಹೋಗಮ್ಮ" ಎಂದೆ. "ಈಗ ಅವಳ ಸರದಿ."