ಎರಡು ಸಲ ಅದ್ದಿದ ಕಡ್ಡಿ

ನರ್ಸರಿಯಲ್ಲಿ ಎಲ್ಲರಿಗೂ ಅವಳು ಪುಡಿ ಅಕ್ಕ. ಗಿಡದ ಕಡ್ಡಿಯನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ತಟ್ಟಿ, ಮಣ್ಣಿಗೆ ಚುಚ್ಚುವುದು ಅವಳ ಇಪ್ಪತ್ತು ವರ್ಷದ ಕೆಲಸ. ತಟ್ಟದೆ ನೆಟ್ಟವರಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ: “ಇದೇನು ಮುಖಕ್ಕೆ ಬಳಿಯೋ ಪೌಡರಾ? ಹೆಚ್ಚಾದ್ರೆ ಬುಡ ಸುಟ್ಟುಹೋಗುತ್ತೆ.”

ತಂಗಿ ತೀರಿಕೊಂಡ ಮೇಲೆ ಅವಳ ಮನೆಯ ಕಿಟಕಿಯಲ್ಲಿದ್ದ ಕ್ರೋಟನ್ ಒಣಗಿತು. ಹಸಿರು ಉಳಿದಿದ್ದ ಒಂದೇ ಕಡ್ಡಿಯನ್ನು ತಂಗಿಯ ಗಂಡ ತಂದುಕೊಟ್ಟ. ಇದು ಬದುಕಲೇಬೇಕೆಂದು ಅಕ್ಕ ಎರಡು ಸಲ ಅದ್ದಿದಳು. ತಟ್ಟಲಿಲ್ಲ.

ಹತ್ತನೇ ದಿನ ಕಿತ್ತು ನೋಡಿದರೆ ಬುಡ ಇದ್ದಿಲಿನಂತೆ ಕಪ್ಪಾಗಿತ್ತು. ಅಷ್ಟರಲ್ಲಿ ಅವನು ಬಾಗಿಲಿಗೆ ಬಂದ.

“ಬೇರು ಬಂತಾ ಅತ್ತಿಗೆ?”

ಅವಳು ಕಡ್ಡಿಯನ್ನು ಸರಕ್ಕನೆ ಮಣ್ಣಿಗೆ ಚುಚ್ಚಿ ನೀರು ಚಿಮುಕಿಸಿದಳು.

“ಬಂದಿರುತ್ತೆ. ಈಗಲೇ ಕಿತ್ತು ನೋಡಬಾರದು.”