ಲಗ್ಗೆರೆಯ ಗೂಡಿಗೆ ಹನ್ನೆರಡು ಪದಗಳ ಬೀಗ

ಬೆಳಗಿನ ಐದೂವರೆ. ಲಗ್ಗೆರೆಯ ಒಂದು ಕಿರಿದಾದ ಅಡ್ಡರಸ್ತೆ, ಅಲ್ಲಿನ ಎರಡಂತಸ್ತಿನ ಮನೆಯ ತಾರಸಿ. ಜಯದೇವಿ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಾರೆ. ಕೆಳಗೆ ಸಣ್ಣ ಉರಿಯಲ್ಲಿ ಹಾಲಿಟ್ಟು ಬಂದಿದ್ದಾರೆ. ಕೈಯಲ್ಲಿ ಫೋನು, ಪರದೆಯ ಮೇಲೆ ಸಾಲಾಗಿ ನಲವತ್ತೊಂದು ಹಕ್ಕಿಗಳು ತೂಕಡಿಸುತ್ತಿವೆ. ಒಂದೊಂದನ್ನೇ ಹೆಬ್ಬೆರಳಿನಿಂದ ತಟ್ಟಿ ಎಬ್ಬಿಸಿ, ಮುಂದೆ ಕಾಳು ಹಾಕಿ, "ನೀನು ಇವತ್ತು ಲಿಂಗಮ್ಮನ ಮನೆಗೆ, ನೀನು ಇಂದ್ರಮ್ಮನ ಮನೆಗೆ" ಎಂದು ಕಳಿಸುತ್ತಾರೆ. ಆಟದ ದಿನ ಬದಲಾಗುವುದು ಎಲ್ಲೋ ದೂರದ ಗಡಿಯಾರದ ನಡುರಾತ್ರಿಗೆ. ಲಗ್ಗೆರೆಯಲ್ಲಿ ಅದು ಹಾಲು ಕಾಯಿಸುವ ಹೊತ್ತು. ಇಪ್ಪತ್ತು ನಿಮಿಷದಲ್ಲಿ ಅಷ್ಟೂ ಹಕ್ಕಿಗಳು ಹಂಚಿಹೋಗುತ್ತವೆ. ಹಾಲು ಇದುವರೆಗೆ ಒಮ್ಮೆಯೂ ಉಕ್ಕಿಲ್ಲವಂತೆ.

"ಉಕ್ಕಿದ್ರೆ ನಮ್ಮತ್ತೆ ಹಕ್ಕೀನೂ ಬಿಡಲ್ಲ, ನನ್ನೂ ಬಿಡಲ್ಲ" ಎಂದು ನಗುತ್ತಾರೆ.

ಇದು ಹಕ್ಕಿಗಳನ್ನು ಹಾರಿಸಿ, ಕಡ್ಡಿ ಹೆಕ್ಕಿಸಿ, ಗೂಡು ಕಟ್ಟಿಸುವ ಆಟ. ಗೆದ್ದವರಿಗೆ ಟೋಕನ್ ಸಿಗುತ್ತದೆ, ಅದನ್ನು ಮಾರಿದರೆ ರೂಪಾಯಿ. ಯಾವ ಹಕ್ಕಿ ಯಾರದು ಎಂಬುದು ಒಂದು ಕಂಪನಿಯ ಕಪಾಟಿನಲ್ಲಿ ಇರುವುದಿಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳು ಒಂದೇ ದಾಖಲೆಯನ್ನು ಒಟ್ಟಿಗೆ ಇಟ್ಟುಕೊಂಡಿರುತ್ತವೆ. ಅದಕ್ಕೇ ಬ್ಲಾಕ್‌ಚೈನ್ ಎಂದು ಹೆಸರು. ಆದರೆ ಹಕ್ಕಿಯಿಲ್ಲದೆ ಆಟವಿಲ್ಲ, ಹಕ್ಕಿ ಅಗ್ಗವೂ ಅಲ್ಲ. ಹಲವರು ಸೇರಿ ಹಕ್ಕಿ ಕೊಂಡು, ಕೊಳ್ಳಲಾಗದವರಿಗೆ ಆಡಲು ಕೊಟ್ಟು, ಬಂದದ್ದನ್ನು ಹಂಚಿಕೊಳ್ಳುವ ಕೂಟಗಳಿಗೆ ಗಿಲ್ಡ್ ಎನ್ನುತ್ತಾರೆ. ಲಗ್ಗೆರೆಯ ಬಾಯಲ್ಲಿ ಅದು ಗೂಡು ಆಗಿದೆ. ಗೂಡಿನಲ್ಲಿ ಈಗ ಇಪ್ಪತ್ತಾರು ಮನೆಗಳಿವೆ.

ಹೀಗೆ ಎರವಲು ಕೊಡುವುದನ್ನು ಆ ಲೋಕದಲ್ಲಿ ಸ್ಕಾಲರ್‌ಶಿಪ್ ಎಂದು ಕರೆಯುತ್ತಾರೆ. ಮೊದಲ ಸಲ ಜಯದೇವಿ 'ಇಲ್ಲಿ ಸ್ಕಾಲರ್‌ಶಿಪ್ ಕೊಡಲಾಗುವುದು' ಎಂದು ಬರೆದು ಗೇಟಿಗೆ ಅಂಟಿಸಿದರು. ಮರುದಿನ ಪಕ್ಕದ ಬೀದಿಯ ಲಿಂಗಮ್ಮ ಮಗಳ ಮಾರ್ಕ್ಸ್ ಕಾರ್ಡು, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ಜೆರಾಕ್ಸು ಎಲ್ಲ ಹಿಡಿದು ಬಂದು ನಿಂತರು.

"ಎಷ್ಟು ಪರ್ಸೆಂಟ್ ಆಗಿರ್ಬೇಕಕ್ಕಾ ಅಂತ ಕೇಳ್ದೆ. ಈವಮ್ಮ ಫೋನ್ ತೆಗ್ದು ಹಕ್ಕಿ ತೋರ್ಸಿದ್ಲು!" ಲಿಂಗಮ್ಮ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಪಾಪ, ಕಿವಿ ಕೇಳ್ಸಲ್ವೇನೋ ಇವಳಿಗೆ ಅನ್ಕೊಂಡೆ."

ಮಾರ್ಕ್ಸ್ ಕಾರ್ಡು ಚೀಲಕ್ಕೆ ಹೋಯಿತು, ಹಕ್ಕಿ ಲಿಂಗಮ್ಮನ ಮನೆಗೆ ಹೋಯಿತು.

ಜಯದೇವಿಗೆ ನಲವತ್ತಾರು ವರ್ಷ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಚೆಕಿಂಗ್ ವಿಭಾಗದಲ್ಲಿದ್ದವರು. ಗಂಟೆಗೆ ಎಂಬತ್ತು ಅಂಗಿ ತಿರುಗಿಸಿ ನೋಡಿ, ಹೊಲಿಗೆ ತಪ್ಪಿದ ಜಾಗಕ್ಕೆ ಕೆಂಪು ಚೀಟಿ ಅಂಟಿಸುವ ಕೆಲಸ. ಲಾಕ್‌ಡೌನ್‌ನಲ್ಲಿ ಆ ಘಟಕ ಮುಚ್ಚಿತು. ಮನೆಯಲ್ಲಿ ಕೂತು ಕನ್ನಡದ ವಿಡಿಯೊಗಳನ್ನು ನೋಡುತ್ತ ಈ ಆಟ ಕಲಿತರು. ಮೊದಲ ಮೂರು ಹಕ್ಕಿಗಳನ್ನು ಒಂಬತ್ತು ಹೆಂಗಸರು ಸೇರಿ ಕೊಂಡರು. ಹೊಸದಾಗಿ ಸೇರುವವರಿಗೆ ಅವರು ಮೊದಲು ಹೇಳುವ ಮಾತು ಒಂದೇ: "ಇದನ್ನ ನಂಬ್ಕೊಂಡು ಇರೋ ಕೆಲ್ಸ ಬಿಡ್ಬೇಡಿ." ಕೆಲವು ತಿಂಗಳು ಸಿಲಿಂಡರ್ ಬರುವಷ್ಟು ಸಿಗುತ್ತದೆ, ಕೆಲವು ತಿಂಗಳು ಫೋನಿಗೆ ಕರೆನ್ಸಿ ಹಾಕಿಸುವಷ್ಟೂ ಇಲ್ಲ. ಆದರೂ ದಿನಕ್ಕೆ ನಲವತ್ತು ನಿಮಿಷ ತಮ್ಮದೇ ಆದ ಒಂದು ಕೆಲಸ ಎಂದು ಹೆಂಗಸರು ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಾರೆ.

ಹೋದ ಆಷಾಢದಲ್ಲಿ ಆ ಗೂಡೇ ಖಾಲಿಯಾಗುವುದರಲ್ಲಿತ್ತು.

ತಾರಸಿಯ ಕಟ್ಟೆಯ ಮೇಲಿಟ್ಟಿದ್ದ ಫೋನು ಜಾರಿ ರಸ್ತೆಗೆ ಬಿತ್ತು, ಹಿಂದೆಯೇ ಬಂದ ಸರಕಿನ ಆಟೊ ಅದರ ಮೇಲೆ ಹರಿಯಿತು. ಫೋನು ಹೋದರೆ ಹೋಗಲಿ. ಗೂಡಿನ ಅಷ್ಟೂ ಹಕ್ಕಿಗಳಿಗೆ ಒಂದೇ ಬೀಗ, ಹನ್ನೆರಡು ಇಂಗ್ಲಿಷ್ ಪದಗಳು. ಹೊಸ ಫೋನಿನಲ್ಲಿ ಅವನ್ನು ಅದೇ ಕ್ರಮದಲ್ಲಿ, ಒಂದಕ್ಷರವೂ ತಪ್ಪದೆ ಬರೆದರೆ ಹಕ್ಕಿಗಳು ಸಿಗುತ್ತವೆ. ಮರೆತವರಿಗೆ ಮತ್ತೆ ಕೊಡುವ ಕಚೇರಿ ಎಲ್ಲೂ ಇಲ್ಲ. ಬೇರೆಯವರ ಕಣ್ಣಿಗೆ ಬಿದ್ದರೆ ಕ್ಷಣದಲ್ಲಿ ಅಷ್ಟೂ ಅವರ ಪಾಲು.

ಪದಗಳಿದ್ದ ಚೀಟಿ ಸಾಸಿವೆ ಡಬ್ಬಿಯಲ್ಲಿ ಭದ್ರವಾಗಿತ್ತು. ಆದರೆ ಇದ್ದದ್ದು ಕನ್ನಡದಲ್ಲಿ.

"ನಾನು ಓದಿದ್ದು ಒಂಬತ್ತನೇ ಕ್ಲಾಸು. ಇಂಗ್ಲಿಷ್ ನೋಡ್ಕೊಂಡು ಬರೆದ್ರೆ ಎಲ್ಲಿ ಒಂದಕ್ಷರ ಬಿಟ್ಟೋಗುತ್ತೋ ಅಂತ ಭಯ. ಅದಕ್ಕೆ ನಮ್ಮನೆಯವರು ಓದ್ತಾ ಹೋದ್ರು, ನಾನು ಕನ್ನಡದಲ್ಲಿ ಬರ್ಕೊಂಡೆ. ಕನ್ನಡದಲ್ಲಿ ನಾನು ತಪ್ಪಲ್ಲ."

ಪತಿ ವೀರೇಶ ಲೇತ್ ಮೆಷಿನ್ ಕೆಲಸದವರು. ಐದು ವರ್ಷದ ಹಿಂದೆ ತಾವೇ ಓದಿ ಹೇಳಿದ ಪದಗಳನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದರು. ಬೀಗ ತೆಗೆಯಲಿಲ್ಲ. ಹನ್ನೆರಡರಲ್ಲಿ ಯಾವುದು ತಪ್ಪು ಎಂದು ಫೋನು ಹೇಳುವುದಿಲ್ಲ, ತಪ್ಪು ಎಂದಷ್ಟೇ ಹೇಳುತ್ತದೆ.

ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರ ಮುಂದೆ ಚೀಟಿ ಹಿಡಿದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. 'ಪದಗಳನ್ನು ಕಳಿಸಿ, ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತೇವೆ' ಎಂಬ ಸಂದೇಶಗಳೂ ಒಂದರ ಹಿಂದೆ ಒಂದು ಬಂದವು. ಇಪ್ಪತ್ತಾರು ಮನೆಯ ಸೊತ್ತನ್ನು ಜಯದೇವಿ ಹಾಗೆ ಯಾರ ಮುಂದೆಯೂ ಬಿಚ್ಚಲಿಲ್ಲ. ಬದಲು, ಅಂದೇ ಸಂಜೆ ಎಲ್ಲರನ್ನೂ ತಾರಸಿಗೆ ಕರೆದು ಆದದ್ದನ್ನು ಆದಂತೆ ಹೇಳಿದರು.

ಆಮೇಲೆ ಜಯದೇವಿ ಹನ್ನೆರಡು ಪದಗಳನ್ನು ಹನ್ನೆರಡು ಚೂರು ಮಾಡಿಕೊಂಡು ಬೀದಿಗೆ ಇಳಿದರು. ಒಬ್ಬರಿಗೆ ಒಂದೇ ಪದ. ಮೆಡಿಕಲ್ ಶಾಪಿನವರಿಗೆ ಒಂದು, ಜೆರಾಕ್ಸ್ ಅಂಗಡಿಯವರಿಗೆ ಒಂದು, ಅತ್ತಿಗುಪ್ಪೆಯ ನಾದಿನಿಗೆ ಒಂದು, ನಿವೃತ್ತ ಬಸ್ ಕಂಡಕ್ಟರ್ ಹನುಮಂತಯ್ಯನವರಿಗೆ ಒಂದು. "ಇದನ್ನ ಇಂಗ್ಲಿಷಲ್ಲಿ ಬರ್ಕೊಡಿ" ಎನ್ನುವುದು, ಬರೆದದ್ದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಳ್ಳುವುದು. ವೀರೇಶರು ತಪ್ಪಿದ್ದ ಮೂರು ಪದಗಳು ಹೀಗೆ ಸರಿಯಾದವು. ಆದರೂ ಬೀಗ ತೆಗೆಯಲಿಲ್ಲ.

ಸರಿ, ಎರಡನೇ ಸುತ್ತು. ಬೇರೆ ಹನ್ನೆರಡು ಜನ, ಮೊದಲ ಸುತ್ತಿನವರಲ್ಲಿ ಒಬ್ಬರೂ ಇಲ್ಲ. ಚೆಕಿಂಗ್‌ನಲ್ಲಿ ಹಾಗೇ ಅಂತೆ; ಒಮ್ಮೆ ಪಾಸಾದ ಅಂಗಿಯನ್ನು ಎರಡನೇ ಸಲ ಬೇರೆ ಕಣ್ಣು ನೋಡಬೇಕು. ಹನ್ನೊಂದನೆಯ ದಿನ, ಟ್ಯೂಷನ್ ಹೇಳುವ ಲತಾ ಅವರ ಬಾಗಿಲಲ್ಲಿ ನಿಂತು ಆರನೆಯ ಪದ ಹೇಳಿದರು: ರೈಟ್.

ಲತಾ ಪೆನ್ನು ಎತ್ತಿಕೊಂಡು ಕೇಳಿದರು, "ಯಾವ ರೈಟು ಆಂಟಿ?"

"ಯಾವ ರೈಟು ಅಂದ್ರೆ? ಇರೋದೇ ಒಂದಲ್ವೇನಮ್ಮ?"

"ಸರಿ ಅನ್ನೋದಕ್ಕೂ ರೈಟು, ಬರೆಯೋದಕ್ಕೂ ರೈಟು. ಸ್ಪೆಲಿಂಗ್ ಬೇರೆ ಬೇರೆ."

ವೀರೇಶರಿಗೆ ರೈಟ್ ಎಂದರೆ ಬಸ್ಸು ಹೊರಡುವಾಗ ಕೂಗುವ ರೈಟು. ಮೊದಲ ಸುತ್ತಿನಲ್ಲಿ ಆ ಪದ ಹೋಗಿ ಸಿಕ್ಕಿದ್ದೂ ಯಾರಿಗೆ? ಮೂವತ್ತು ವರ್ಷ ದಿನವಿಡೀ ಅದನ್ನೇ ಕೂಗಿದ ಹನುಮಂತಯ್ಯನವರಿಗೆ.

"ನಂಗೆ ಕೇಳಿದ್ರೆ ಇನ್ನೇನ್ ಬರೀತೀನಮ್ಮ? ರೈಟ್ ಅಂದ್ಮೇಲೆ ಗಾಡಿ ಹೋಗ್ಲೇಬೇಕಿತ್ತು" ಎಂದು ಹನುಮಂತಯ್ಯ ಈಗಲೂ ವಾದ ಮಾಡುತ್ತಾರೆ.

ಅಂದು 'ಬರೆ' ಎನ್ನುವ ರೈಟ್ ಹಾಕಿದ ಕೂಡಲೇ ನಲವತ್ತೊಂದು ಹಕ್ಕಿಗಳೂ ಬಂದು ಸಾಲಾಗಿ ಕೂತವು. ಹನ್ನೊಂದು ದಿನ ಕಾಳಿಲ್ಲದೆ ಸೊರಗಿದ್ದವು, ಸತ್ತಿರಲಿಲ್ಲ.

ಮಾರನೆಯ ದಿನವೇ ಹಕ್ಕಿಗಳನ್ನು ಹೊಸ ಬೀಗಕ್ಕೆ ಸಾಗಿಸಿದರು. ಆದ್ದರಿಂದಲೇ ಹಳೆಯ ಚೀಟಿಯನ್ನು ನನ್ನ ಕೈಗೆ ಕೊಟ್ಟು ತೋರಿಸಿದ್ದು. ಹೊಸ ಹನ್ನೆರಡು ಪದಗಳು ಈಗ ಇಪ್ಪತ್ನಾಲ್ಕು ಮನೆಗಳಲ್ಲಿವೆ. ಒಬ್ಬೊಬ್ಬರೇ ತಾರಸಿಗೆ ಬಂದು, ತಮ್ಮ ಪಾಲಿನ ಒಂದು ಪದವನ್ನಷ್ಟೇ ನೋಡಿ, ಅದು ಎಷ್ಟನೆಯದು ಎಂಬುದರ ಸಮೇತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದುಕೊಂಡು ಹೋದರು. ಒಂದು ಮನೆಯಲ್ಲಿ ಕಳೆದರೆ ಇನ್ನೊಂದರಲ್ಲಿ ಇರಲಿ ಎಂದು ಒಂದು ಪದಕ್ಕೆ ಎರಡು ಮನೆ. ಜಯದೇವಿಯ ಬಳಿ ಒಂದೂ ಇಲ್ಲ. ಅದು ಅವರದೇ ತೀರ್ಮಾನ.

ಅರವತ್ತೆಂಟರ ಇಂದ್ರಮ್ಮನಿಗೂ ಒಂದು ಪದ ಬಂದಿದೆ. "ಮಗ ಕೇಳಿದ, ಸೊಸೆ ಕೇಳಿದ್ಲು. ಹೇಳ್ಲಿಲ್ಲ. ನನ್ನತ್ರ ಏನೋ ಇದೆ ಅಂತ ಈಗ ಕಾಫಿ ಟೈಮಿಗೆ ಸರಿಯಾಗಿ ಬರ್ತಾ ಇದೆ" ಎನ್ನುತ್ತಾರೆ.

ಆ ಹನ್ನೊಂದು ದಿನಗಳಲ್ಲಿ ಜಯದೇವಿಯ ಮೇಲೆ ಅನುಮಾನ ಬರಲಿಲ್ಲವೇ ಎಂದು ಇಂದ್ರಮ್ಮನನ್ನೇ ಕೇಳಿದೆ.

"ಹಕ್ಕಿ ಹೊಡ್ಕೊಳ್ಳೋಳು ಮೇಲಕ್ಕೆ ಕರ್ದು ಕಾಫಿ ಕೊಟ್ಟು ಹೇಳ್ತಾಳೇನಮ್ಮ?" ಇಂದ್ರಮ್ಮ ನನ್ನನ್ನೇ ಮರುಪ್ರಶ್ನಿಸಿದರು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಜಯದೇವಿ ತಲೆ ಎತ್ತಲಿಲ್ಲ. ಕೈ ನಿಲ್ಲಿಸದೆಯೇ ಹೇಳಿದರು:

"ಫ್ಯಾಕ್ಟರೀಲಿ ಹದಿನಾಲ್ಕು ವರ್ಷ ದಿನಾ ಸಾಯಂಕಾಲ ಗೇಟಲ್ಲಿ ನನ್ನ ಬ್ಯಾಗ್ ಬಿಚ್ಚಿ, ಊಟದ ಡಬ್ಬೀನೂ ತೆಗ್ಸಿ ನೋಡೋರು. ಇಲ್ಲಿ ಇಪ್ಪತ್ತಾರು ಮನೆಯವರ ಹಕ್ಕಿ ಕಾಣ್ದೆ ಹೋಗಿತ್ತು. ಎಲ್ಲಿ, ಚೀಟಿ ತೋರ್ಸು ಅಂತ ಒಬ್ರೂ ಕೇಳ್ಲಿಲ್ಲ ಕಣ್ರೀ."